ದೋನ್ಯಾ ಊರ್ಸುಲಾಗೆ ಹಳದಿ ಹೂವು

“ಎಲ್ಲಾ ಹಳದೀನೇ ಇರ್ಲಿ, ಸೆನ್ಯೋರಾ. ನಮ್ಮೂರಲ್ಲಿ ಹಳದಿ ಮೆಣಸಿನಕಾಯಿ ಬೆಳೀತಾರಲ್ಲ, ನೋಡಿದ್ರೇ ಹಸಿವಾಗುತ್ತೆ, ಆ ಹಳದಿ. ಬೇರೆ ಬಣ್ಣದ್ದು ಒಂದು ಎಸಳೂ ಬೇಡ,” ಅಂದರು ದೋನ್ ಹಿಲಾರಿಯೊ.

ಬಕೆಟ್ಟಿನ ನೀರಿನಲ್ಲಿ ಕೈಯಿಟ್ಟು ಹೂವಿನ ದಂಟುಗಳನ್ನು ಓರೆಯಾಗಿ ಕತ್ತರಿಸುತ್ತಿದ್ದ ನಾನು ಕತ್ತರಿ ಕೆಳಗಿಟ್ಟೆ. ಇಪ್ಪತ್ತಾರು ವರ್ಷದಿಂದ ಈ ಊರಿನಲ್ಲಿ ಹೂವಿನಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಮರಳುಗಾಡಿನಲ್ಲಿ ಹೂವು ಅಂದರೆ ಮಂಗಳವಾರ ಮತ್ತು ಶುಕ್ರವಾರ ದಕ್ಷಿಣದಿಂದ ಲಾರಿಯಲ್ಲಿ ಬಂದಿಳಿಯುವ ವಸ್ತು. ಗಣಿಯ ಗಂಡಸರು ಏಳು ದಿನ ಮೇಲೆ ಬೆಟ್ಟದಲ್ಲಿ, ಏಳು ದಿನ ಕೆಳಗೆ ಮನೆಯಲ್ಲಿ. ಮೇಲಿರುವಾಗ ಹೆಂಡತಿಯ ಹೆಸರಿನ ದಿನವೋ, ಅಂದರೆ ಅವಳ ಹೆಸರಿನ ಸಂತರ ಹಬ್ಬವೋ, ಮಗಳ ಹುಟ್ಟುಹಬ್ಬವೋ ನೆನಪಾಯಿತೆಂದರೆ ನನಗೆ ಫೋನು ಬರುತ್ತದೆ. ಏನಾದರೂ ಖುಷಿಯಾಗಿ ಕಾಣುವಂಥದ್ದು ಕಳಿಸಿ, ಚೀಟಿಯಲ್ಲಿ ನೀವೇ ಎರಡು ಮಾತು ಬರೆದುಬಿಡಿ ಅನ್ನುತ್ತಾರೆ. ಹಾಗಾಗಿ ಈ ಊರಿನ ಅರ್ಧದಷ್ಟು ಹೆಂಗಸರಿಗೆ ಪ್ರೇಮಪತ್ರ ಬರೆದವಳು ನಾನು. ಯಾರಿಗೆ ಯಾವ ಹೂವು ಹೋಗಬೇಕು ಅನ್ನುವುದು ಕಳಿಸುವವರಿಗಿಂತ ನನಗೇ ಚೆನ್ನಾಗಿ ಗೊತ್ತು ಅಂತ ಅಂದುಕೊಂಡಿದ್ದೆ.

ಯಾರಿಗೆ ಕಳಿಸಬೇಕು ಎಂದು ಕೇಳಿದೆ. ಗೊತ್ತಿಲ್ಲದೆ ಕೇಳಿದ್ದಲ್ಲ. ಅವರ ಬಾಯಲ್ಲಿ ಆ ಹೆಸರು ಕೇಳುವ ಆಸೆ, ಅಷ್ಟೆ.

“ದೋನ್ಯಾ ಊರ್ಸುಲಾಗೆ,” ಅಂದು ದೋನ್ ಹಿಲಾರಿಯೊ ತಮ್ಮ ಬೂಟು ನೋಡಿಕೊಂಡರು.

ಊರಿಗೆಲ್ಲ ಗೊತ್ತಿದ್ದ ವಿಷಯವೇ. ಚೌಕದ ಈ ಕಡೆ ನನ್ನ ಅಂಗಡಿ. ಎದುರು ಸಾಲಿನಲ್ಲಿ ದೋನ್ಯಾ ಊರ್ಸುಲಾ ಅವರ ದಾರ, ಗುಂಡಿ, ರಿಬ್ಬನ್ನಿನ ಅಂಗಡಿ. ಆ ಮೂಲೆಯಲ್ಲಿ ದೋನ್ ಹಿಲಾರಿಯೊ ಅವರ ಊಟದಂಗಡಿ. ಅವರು ಗಡಿಯಾಚೆಯ ಪೆರು ದೇಶದವರು, ಅರೆಕಿಪಾದವರು. ಇಲ್ಲಿಗೆ ಬಂದು ಆರು ವರ್ಷ. ವಯಸ್ಸು ಐವತ್ತೆಂಟು, ದುಂಡು ಮುಖ. ನೆಗಡಿ ಹಿಡಿದವನನ್ನು ಎಬ್ಬಿಸಿ ಕುಣಿಸುವ ಹಾಗೆ ಸಾರು ಮಾಡುತ್ತಾರೆ. ಹನ್ನೊಂದು ತಿಂಗಳಿಂದ ಪ್ರತಿ ಬೆಳಿಗ್ಗೆ ನೀಲಿ ಅಂಚಿನ ಪಿಂಗಾಣಿ ಪಾತ್ರೆಯೊಂದರಲ್ಲಿ ದೋನ್ಯಾ ಊರ್ಸುಲಾಗೆ ಆ ಸಾರು ಹೋಗುತ್ತಿತ್ತು. ಪಾತ್ರೆ ಖಾಲಿಯಾಗಿ ಮರಳುತ್ತಿರಲಿಲ್ಲ. ನಮ್ಮಲ್ಲಿ ಯಾರೂ ನೆರೆಯವರ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಒಂದು ದಿನ ಎರಡು ನಿಂಬೆಹಣ್ಣು, ಇನ್ನೊಂದು ದಿನ ಬಿಸ್ಕತ್ತು, ಏನೂ ಇಲ್ಲದ ದಿನ ಅವರ ಅಂಗಿಗೆ ಸರಿಹೊಂದುವ ನಾಲ್ಕು ಗುಂಡಿ. ಊರಿನವರೆಲ್ಲ ಆ ಪಾತ್ರೆಯ ಮೇಲೇ ಕಣ್ಣಿಟ್ಟಿದ್ದೆವು.

ಹೋದ ತಿಂಗಳು ದೋನ್ ಹಿಲಾರಿಯೊ ಮದುವೆಯ ಮಾತೆತ್ತಿದ್ದರಂತೆ. ದೋನ್ಯಾ ಊರ್ಸುಲಾ ವಿಧವೆ, ಐವತ್ತಾರು ವರ್ಷ. ನನ್ನ ಹೆಸರಿನ ದಿನ ಉತ್ತರ ಹೇಳುತ್ತೇನೆ, ಅಲ್ಲಿಯವರೆಗೆ ಒತ್ತಾಯ ಮಾಡಬೇಡಿ ಅಂದಿದ್ದರಂತೆ. ಸಂತ ಊರ್ಸುಲಾಳ ದಿನ ಮಾರನೆಯ ದಿನವೇ, ಬುಧವಾರ. ಅತ್ತ ಅರೆಕಿಪಾದಲ್ಲಿ ದೋನ್ ಹಿಲಾರಿಯೊ ಅವರ ಅಕ್ಕ ತನ್ನ ಅಡುಗೆಮನೆ ನೋಡಿಕೊಳ್ಳಲು ಬಾ ಎಂದು ಕರೆಯುತ್ತಲೇ ಇದ್ದಾಳೆ. ಇಲ್ಲ ಅಂತ ಉತ್ತರ ಬಂದರೆ ಶನಿವಾರದ ಬಸ್ಸಿಗೆ ಹೊರಟೆ, ಎದುರು ಅಂಗಡಿಯನ್ನು ದಿನಾ ನೋಡಿಕೊಂಡು ಈರುಳ್ಳಿ ಹೆಚ್ಚುವುದು ನನ್ನಿಂದಾಗದು ಅಂದರು.

ಇಷ್ಟು ಕೇಳಿದ ಮೇಲೂ ನಾನು ಸುಮ್ಮನಿರಬೇಕಿತ್ತೇ? ನಮ್ಮಲ್ಲಿ ಹಳದಿ ಹೂವು ಕಳಿಸುವುದೆಂದರೆ ‘ನಿನ್ನ ಮುಖ ನೋಡಲು ನನಗಿಷ್ಟವಿಲ್ಲ’ ಎಂದು ಬರೆದು ಕಳಿಸಿದಂತೆ. ಹಳದಿ ಅಂದರೆ ತಾತ್ಸಾರ. ಇದನ್ನು ನಮಗೆ ಶಾಲೆಯಲ್ಲಿ ಕಲಿಸಲಿಲ್ಲ, ಅಜ್ಜಿಯರು ಕಲಿಸಿದರು. ಅವರಿಗೆ ಹಾಗೆಂದು ಬಿಡಿಸಿ ಹೇಳಿದೆ. ಅವರ ಊರಿನಲ್ಲಿ ಪೂರಾ ಉಲ್ಟಾ ಅಂದರು. ಹೊಸ ವರ್ಷಕ್ಕೆ ಹಳದಿ ಬಟ್ಟೆ, ತಲೆ ಮೇಲೆ ಹಳದಿ ಎಸಳು, ಬಾಗಿಲಿಗೂ ಹಳದಿ, ಒಳ್ಳೆಯದಾಗಲಿ ಅಂತ ಹಾರೈಸುವವರೆಲ್ಲ ಕೊಡುವುದು ಹಳದಿ.

“ದೋನ್ ಹಿಲಾರಿಯೊ, ಬೊಕೆ ಹೋಗ್ತಿರೋದು ಅರೆಕಿಪಾಗಲ್ಲ, ಎದುರುಗಡೆ ಅಂಗಡೀಗೆ,” ಅಂದೆ.

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಬೇಕಲ್ಲ. ಕಾರ್ನೇಷನ್ನಿನ ಗುಣ, ಲಿಲ್ಲಿಯ ಗುಣ, ಹಿಂದೆ ಯಾರೋ ಹಳದಿ ಕಳಿಸಿ ನಿಶ್ಚಿತಾರ್ಥ ಮುರಿದ ಕತೆ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರ ಒಲೆಯ ಮೇಲಿನ ಸಾರು ನೆನಪಾಗಿ ಅವರು ಬಾಗಿಲಿಗೆ ಹೋಗಿಯಾಗಿತ್ತು. ತಾವೇ ಬರೆದು ಅಂಟಿಸಿದ್ದ ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟು, “ಹಳದೀನೇ, ಸೆನ್ಯೋರಾ, ದಮ್ಮಯ್ಯ,” ಅಂದು ಹೋದರು.

ಬುಧವಾರ ಬೆಳಿಗ್ಗೆ ಹಳದಿ ಜರ್ಬೆರಾ, ಹಳದಿ ಲಿಲ್ಲಿ, ಮೂರು ಸೂರ್ಯಕಾಂತಿ ಸೇರಿಸಿ ಕಟ್ಟಿದೆ. ನಿಜ ಹೇಳುತ್ತೇನೆ, ಚೆಂದವಾಗಿಯೇ ಬಂದಿತ್ತು. ಆಗ ಬಲ್ದೋ ಬಂದ. ಇವನು ನನ್ನ ಗಂಡನ ದೊಡ್ಡಪ್ಪನ ಮಗ. ಮೂವತ್ತು ವರ್ಷ ಗಣಿಯ ಬಸ್ಸು ಓಡಿಸಿ ನಿವೃತ್ತನಾದವನು. ಈಗ ತನ್ನ ಹಳೇ ಪಿಕಪ್ ಗಾಡಿಯಲ್ಲಿ ನನ್ನ ಹೂವುಗಳನ್ನು ಮನೆಮನೆಗೆ ಮುಟ್ಟಿಸುತ್ತಾನೆ. ಮಧ್ಯಾಹ್ನ ಗಾಳಿ ಏಳುವುದರೊಳಗೆ ಎಲ್ಲ ಮುಟ್ಟಿಸಬೇಕು, ತಡವಾದರೆ ಬರೀ ದಂಟು ಮುಟ್ಟುತ್ತದೆ. ಬಲ್ದೋ ಹಳದಿ ಗುಚ್ಛ ನೋಡಿದ, ಮೇಲಿನ ಹೆಸರು ಓದಿದ, ಟೋಪಿ ತೆಗೆದು ತಲೆಯ ಮೇಲಿನ ಗುರುತು ತೋರಿಸಿದ. ಹನ್ನೆರಡು ವರ್ಷದ ಹಿಂದೆ ಗಣಿಯವನೊಬ್ಬ ತಿಳಿಯದೆ ಹೆಂಡತಿಗೆ ಹಳದಿ ಕಾರ್ನೇಷನ್ ಕಳಿಸಿದ್ದಾಗ ಆಕೆ ಹೂದಾನಿಯ ಸಮೇತ ಅದನ್ನು ಬಲ್ದೋನ ತಲೆಗೆ ವಾಪಸು ಕೊಟ್ಟಿದ್ದಳು.

“ಕಳ್ಸೋರು ಯಾರೋ, ತಗೊಳ್ಳೋರು ಯಾರೋ, ತಲೆ ಮಾತ್ರ ನಂದು. ನಾನು ಒಯ್ಯಲ್ಲ ಕಣಮ್ಮ,” ಅಂದ.

ಅಷ್ಟು ಸಾಕಾಯಿತು ನನಗೆ. ಅದೇ ಹೊತ್ತಿಗೆ ಶಾಲೆಯವರು ವಾರ್ಷಿಕೋತ್ಸವದ ಹೂವಿನ ಕಮಾನು ಒಯ್ಯಲು ಬಂದರು. ಕಮಾನಿನ ಒಂದು ಮಗ್ಗುಲು ಬೋಳಾಗಿತ್ತು. ನಾನು ಹಳದಿ ಗುಚ್ಛವನ್ನು ಬಿಚ್ಚಿ ಅಷ್ಟನ್ನೂ ಕಮಾನಿಗೆ ಚುಚ್ಚಿ ಕಳಿಸಿಬಿಟ್ಟೆ. ದೋನ್ಯಾ ಊರ್ಸುಲಾಗೆ ಇಪ್ಪತ್ತು ಕೆಂಪು ಗುಲಾಬಿ ಕಟ್ಟಿದೆ. ಯಾಕೆ ಕೆಂಪು ಅಂದರೆ, ಅವರ ಗಂಡ ಆರ್ನಾಲ್ದೊ ಬದುಕಿದ್ದಷ್ಟು ಕಾಲ ಪ್ರತಿ ವರ್ಷ ಈ ದಿನ ಗಣಿಯಿಂದ ಫೋನು ಮಾಡಿ, “ಅದೇ, ವರ್ಷಾ ವರ್ಷಾ ಕಳ್ಸೋದು,” ಅನ್ನುತ್ತಿದ್ದ. ಅದು ಇಪ್ಪತ್ತು ಕೆಂಪು ಗುಲಾಬಿ. ಅಂದಮೇಲೆ ಆಕೆಗೆ ಇಷ್ಟವಾದದ್ದು ಅದೇ ಇರಬೇಕು ಅಂತ ನನ್ನ ಲೆಕ್ಕ. ದೋನ್ ಹಿಲಾರಿಯೊ ಅವರ ಲಕೋಟೆಯನ್ನು ಒಳ್ಳೆಯ ರಿಬ್ಬನ್ನಿಗೆ ಸಿಕ್ಕಿಸಿದೆ. ಒಬ್ಬ ಪಾಪದ ಮನುಷ್ಯನನ್ನು ಗಂಡಾಂತರದಿಂದ ಪಾರು ಮಾಡಿದೆನೆಂದು ಖುಷಿಯಾಗಿ ಒಂದು ಲೋಟ ಚಹಾ ಕೂಡ ಕುಡಿದೆ.

ಹತ್ತೂವರೆಗೆ ಬಲ್ದೋ ತಿರುಗಿ ಬಂದ. ಮುಖ ಪೆಚ್ಚಾಗಿತ್ತು. ಹೇಗಾಯಿತು ಅಂತ ಕೇಳಿದರೆ, ಬೈಯಲಿಲ್ಲ, ಏನೂ ಎಸೆಯಲಿಲ್ಲ ಅಂದ. ದೋನ್ಯಾ ಊರ್ಸುಲಾ ಗುಚ್ಛವನ್ನು ಕೌಂಟರಿನ ಮೇಲೆ ಮಲಗಿಸಿದರಂತೆ. ಲಕೋಟೆ ಬಿಚ್ಚಿ ಓದಿದರಂತೆ. ಇವು ಅವರೇ ಆರಿಸಿದ್ದಾ ಎಂದು ಮೆಲ್ಲಗೆ ಕೇಳಿದರಂತೆ.

“ನೀನೇನಂದೆ?”

“ಹೌದು, ಒಂದೊಂದೂ ಅವರ ಕೈಯಾರೆ ಆರಿಸಿದ್ದು ಅಂದೆ. ನಿಮ್ಮಿಬ್ಬರ ಮಾನ ಉಳಿಸಿದೆ.”

ಆಮೇಲೆ ಆಕೆ ಒಳಗೆ ಹೋಗಿ ಮತ್ತೆ ಹೊರಗೆ ಬರಲಿಲ್ಲವಂತೆ.

ಹನ್ನೊಂದಕ್ಕೆ ದೋನ್ ಹಿಲಾರಿಯೊ ಬಂದರು. ಏಪ್ರನ್ನಿನಲ್ಲಿಯೇ ಬಂದಿದ್ದರು. ಕೈಯಲ್ಲಿ ನೀಲಿ ಅಂಚಿನ ಪಾತ್ರೆ. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಪಾತ್ರೆ ತೊಳೆದು ಒರೆಸಿ ಫಳಫಳ ಅನ್ನುತ್ತಿತ್ತು.

“ಖಾಲಿ,” ಅಂದರು. “ಹನ್ನೊಂದು ತಿಂಗಳಲ್ಲಿ ಒಂದ್ಸಲಾನೂ ಹೀಗೆ ಬಂದಿರ್ಲಿಲ್ಲ. ಹಳದಿ ಕಳಿಸಿದ್ರಿ ತಾನೆ, ಸೆನ್ಯೋರಾ?”

ಬಲ್ದೋ ಟೋಪಿಯೊಳಗೆ ಏನೋ ಹುಡುಕುವವನ ಹಾಗೆ ತಲೆ ಬಗ್ಗಿಸಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹಳದಿ ಕಮಾನಿಗೆ ಹೋಯಿತು, ಕೆಂಪು ಗುಲಾಬಿ ಹೋಯಿತು, ಅದೂ ಇಪ್ಪತ್ತು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಹೂವಿನ ಖಾಲಿ ಪೆಟ್ಟಿಗೆಯ ಮೇಲೆ ಕೂತು ಹೇಳಿದರು. ಜನವರಿಯಲ್ಲಿ ಒಂದು ದಿನ ಗುಂಡಿ ಕೊಳ್ಳುವಾಗ ಅವರ ಊರಿನ ಹೊಸ ವರ್ಷದ ಮಾತು ಬಂದಿತ್ತಂತೆ. ಹಳದಿಯ ಕತೆಯನ್ನೆಲ್ಲ ಹೇಳಿದ್ದರಂತೆ. ಹೋದ ತಿಂಗಳು ಮದುವೆಯ ಮಾತೆತ್ತಿದಾಗ ದೋನ್ಯಾ ಊರ್ಸುಲಾ ಅದನ್ನೇ ನೆನಪಿಟ್ಟುಕೊಂಡು, ‘ಹೆಸರಿನ ದಿನ ನೀವು ಬಂದು ಮಾತಾಡಬೇಡಿ, ನಿಮ್ಮವರಿಗೆ ಕಳಿಸುವ ಹಾಗೆ ನನಗೂ ಹಳದಿ ಹೂವು ಕಳಿಸಿ, ನೋಡಿ ಉತ್ತರ ಹೇಳುತ್ತೇನೆ’ ಅಂದಿದ್ದರಂತೆ.

“ಅದನ್ನೇ ನಿನ್ನೆ ಹೇಳಕ್ಕೆ ಬಂದೆ. ನೀವು ಲಿಲ್ಲಿ ವಿಷಯ ಹೇಳ್ತಿದ್ರಿ,” ಅಂದರು.

“ಲಕೋಟೇಲಿ ಏನು ಬರ್ದಿದ್ರಿ?”

“‘ನೀವು ಕೇಳಿದ್ದು ಇದೇ ಅಲ್ವಾ’ ಅಂತ.”

ಬಲ್ದೋ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡ.

ಈಗಲೇ ಹೋಗಿ ನನ್ನದೇ ತಪ್ಪು ಎಂದು ಹೇಳಿಬಿಡುತ್ತೇನೆ ಅಂದೆ. ದೋನ್ ಹಿಲಾರಿಯೊ ಬೇಡವೆಂದು ತಲೆ ಆಡಿಸಿದರು. ಬರಿಗೈಯಲ್ಲಿ ಹೋಗಿ ಹೂವಿನಂಗಡಿಯವಳು ಹೇಳಿದರೆ, ಆ ಮನುಷ್ಯನೇ ಹೇಳಿಕೊಟ್ಟು ಕಳಿಸಿದ್ದಾನೆ ಅಂದುಕೊಳ್ಳುವುದಿಲ್ಲವೇ? ಅವರ ಮಾತಿನಲ್ಲೂ ನ್ಯಾಯವಿತ್ತು. ನಲವತ್ತು ಜನರ ಊಟದ ಹೊತ್ತಾಗುತ್ತಿತ್ತು. ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದರು. ಅವರ ಬೆನ್ನು ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಹಳದಿ ಹೂವು ಬೇಕು, ಈಗಲೇ ಬೇಕು. ಲಾರಿ ಬರುವುದು ಶುಕ್ರವಾರ. ಶಾಲೆಗೆ ಓಡಿದೆ. ಕಮಾನಿನ ಕೆಳಗೆ ಮಕ್ಕಳು ಸಾಲಾಗಿ ಹಾದುಹೋಗಿ ಆಗಿತ್ತು, ಕೈಗೆಟುಕುವಷ್ಟು ಎತ್ತರದವರೆಗೆ ಒಂದು ಹೂವೂ ಉಳಿದಿರಲಿಲ್ಲ, ಅದರ ಮೇಲಿದ್ದದ್ದು ಬಿಸಿಲಿಗೆ ಜೋತಿತ್ತು. ಕಲಾಮಾ ಪಟ್ಟಣಕ್ಕೆ ಹೋಗಿ ತರೋಣವೆಂದರೆ, ಗಣಿಗೆ ಯಾವುದೋ ಮನೆಯಷ್ಟು ದೊಡ್ಡ ಯಂತ್ರ ಸಾಗಿಸುತ್ತಿದ್ದಾರೆಂದು ಸಂಜೆಯವರೆಗೆ ರಸ್ತೆ ಬಂದ್. ಅಂಗಡಿಯಲ್ಲಿ ಬಿಳಿ ಇತ್ತು, ನೇರಳೆ ಇತ್ತು, ಕೆಂಪಂತೂ ಬೇಕಾದಷ್ಟಿತ್ತು. ಬಿಳಿ ಸೇವಂತಿಗೆಯನ್ನು ಅರಿಶಿನದ ನೀರಿನಲ್ಲಿ ನಿಲ್ಲಿಸಿದರೆ ಹೇಗೆ ಅಂತ ಬಲ್ದೋ ಕೇಳಿದ. ಇನ್ನು ಸುಳ್ಳು ಬೇಡ ಅಂದೆ.

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ, ನದಿಯ ಹತ್ತಿರ ತನ್ನ ಕುದುರೆಮೆಂತೆ ಮೇವಿನ ಹೊಲದ ಅಂಚಿನಲ್ಲಿ ಒಂದು ದರಿದ್ರ ಚನ್ಯಾರ್ ಮರ ಇದೆ, ಈ ತಿಂಗಳು ಪೂರ್ತಿ ಅದರ ಹೂವು ಉದುರಿ ಕಾಲುವೆ ಕಟ್ಟಿಕೊಳ್ಳುತ್ತದೆ, ಗುದ್ದಲಿ ಹಿಡಿದು ಸಾಕಾಗಿದೆ ಎಂದು ಗೊಣಗಿದ.

“ಯಾವ ಬಣ್ಣದ ಹೂವು?” ಅಂದೆ.

“ಚನ್ಯಾರ್ ಹೂವು ಯಾವ ಬಣ್ಣ ಇರುತ್ತೆ, ನೋಲ್ಫಾ? ಹಳ...” ಅಂದವನು ಅಲ್ಲೇ ನಿಂತ.

ಆ ಮರ ನಮ್ಮ ಮರಳಿನದೇ. ಅದರ ಹಣ್ಣಿನ ಪಾಕವನ್ನು ಕೆಮ್ಮಿಗೆ ಕುಡಿಯದೆ ಬೆಳೆದವರು ಇಲ್ಲಿ ಯಾರೂ ಇಲ್ಲ. ಇಪ್ಪತ್ತಾರು ವರ್ಷ ಸಾವಿರ ಮೈಲಿ ದೂರದಿಂದ ಹೂವು ತರಿಸಿದವಳಿಗೆ ಅದು ಕೂಡ ಹೂವು ಅನ್ನುವುದು ಹೊಳೆದಿರಲಿಲ್ಲ. ಅಕ್ಟೋಬರಿನ ಬಿಸಿಲಿಗೆ ಮರದಲ್ಲಿ ಒಂದು ಎಲೆಯೂ ಕಾಣದ ಹಾಗೆ ಹೂವು ಬಿಟ್ಟಿತ್ತು. ಸಣ್ಣ ಸಣ್ಣ ಹೂವು, ಗೊಂಚಲು ಗೊಂಚಲು, ದೋನ್ ಹಿಲಾರಿಯೊ ಹೇಳಿದ್ದ ಮೆಣಸಿನಕಾಯಿಯದೇ ಹಳದಿ. ಮುಳ್ಳು ಮಾತ್ರ ಸೂಜಿಯಂಥವು. ಬಲ್ದೋ ಕೊಂಬೆ ಬಗ್ಗಿಸಿದ, ನಾನು ಕತ್ತರಿಸಿದೆ. ಇಬ್ಬರೂ ಸೇರಿ ಆ ಮರಕ್ಕೆ ಬೈದ ಬೈಗುಳ ಸಂತ ಊರ್ಸುಲಾಳ ಕಿವಿಗೆ ಬೀಳದಿದ್ದರೆ ಸಾಕು.

ಹಿಂದಿರುಗುವಾಗ ಆವತ್ತು ಗಾಳಿ ಬೇಗನೆ ಎದ್ದಿತು. ಚನ್ಯಾರ್ ಹೂವಿಗೆ ಗಾಳಿ ತಡೆಯುವ ಶಕ್ತಿ ಇಲ್ಲ. ಕೊಂಬೆಗಳಿಗೆ ಒದ್ದೆ ಗೋಣಿ ಸುತ್ತಿ, ಪಿಕಪ್ಪಿನ ಹಿಂಭಾಗದಲ್ಲಿ ನಾನೇ ಅವುಗಳ ಮೇಲೆ ಬಗ್ಗಿ ಕೂತೆ. ಕೋಳಿ ಕಾವು ಕೂತ ಹಾಗೆ. ಮೆಲ್ಲಗೆ ಹೋಗು ಅಂದರೆ ಬಲ್ದೋ ಎಷ್ಟು ಮೆಲ್ಲಗೆ ಹೋದನೆಂದರೆ ಕತ್ತೆಯೊಂದು ನಮ್ಮನ್ನು ಹಿಂದೆ ಹಾಕಿತು. ದಾರಿಯಲ್ಲಿ ಸಿಕ್ಕವರೆಲ್ಲ ಏನಾಯಿತು ನೋಲ್ಫಾ, ಆಸ್ಪತ್ರೆಗಾ ಅಂತ ಕೇಳಿದರು. ಗಾಡಿ ಚೌಕಕ್ಕೆ ಬರುವಾಗ ಹನ್ನೆರಡೂವರೆ.

ದೋನ್ಯಾ ಊರ್ಸುಲಾ ಕೌಂಟರಿನ ಹಿಂದೆ ನಿಂತು ರಿಬ್ಬನ್ ಸುತ್ತುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪು. ಹೆಸರಿನ ದಿನಕ್ಕೆಂದು ಹೊಸ ರವಿಕೆ ಹಾಕಿದ್ದರು, ಕಣ್ಣು ಮಾತ್ರ ಕೆಂಪಗಿತ್ತು. ಗುಲಾಬಿಗಳು ಕೌಂಟರಿನ ಒಂದು ತುದಿಯಲ್ಲಿ ರಿಬ್ಬನ್ನು ಕೂಡ ಬಿಚ್ಚದೆ, ನೀರೂ ಇಲ್ಲದೆ ಬಿದ್ದಿದ್ದವು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನ ಕೈ ತುಂಬ ಗೀರು, ತಲೆ ತುಂಬ ಹಳದಿ ಎಸಳು.

ನಾನು ಕೊಂಬೆಗಳನ್ನು ಕೌಂಟರಿನ ಮೇಲಿಟ್ಟು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಒಪ್ಪಿಸಿದೆ. ದೋನ್ ಹಿಲಾರಿಯೊ ಹಳದಿಯನ್ನೇ ಕೇಳಿದ್ದು, ದಮ್ಮಯ್ಯ ಅಂದದ್ದು, ನಾನು ಅವರಿಗೆ ಬುದ್ಧಿ ಹೇಳಿದ್ದು, ಬಲ್ದೋನ ತಲೆಯ ಗುರುತು, ಶಾಲೆಯ ಕಮಾನು. ಬಲ್ದೋ ಬಾಗಿಲಲ್ಲಿ ನಿಂತು, ಒಂದೊಂದೂ ಕೈಯಾರೆ ಆರಿಸಿದ್ದು ಅಂತ ಹೇಳಿದ್ದು ಸುಳ್ಳು ಎಂದು ಸೇರಿಸಿದ.

ದೋನ್ಯಾ ಊರ್ಸುಲಾ ಗುಲಾಬಿಗಳ ಕಡೆ ತಿರುಗಿದರು.

“ಕೆಂಪು ಯಾಕೆ?” ಅಂದರು.

“ನಿಮಗೆ ಇಷ್ಟ ಅಂತ. ದೋನ್ ಆರ್ನಾಲ್ದೊ ಪ್ರತಿ ವರ್ಷ...”

“ನೋಲ್ಫಾ, ನೀನು ನಂಗೆ ಇಪ್ಪತ್ತೆರಡು ವರ್ಷ ಕೆಂಪು ಗುಲಾಬಿ ಕಳಿಸಿದ್ದೀಯ. ಚೆನ್ನಾಗಿತ್ತು ಅಂತ ನಾನು ಒಂದ್ಸಲನಾದ್ರೂ ಅಂದಿದ್ದೀನಾ? ಗುಲಾಬಿ ಬಂತು ಅಂದ್ರೆ ಈ ವರ್ಷಾನೂ ಆತ ಬೆಟ್ಟ ಇಳಿದು ಬರಲ್ಲ ಅಂತ ಅರ್ಥ. ಬಲ್ದೋ ಗಾಡಿ ಸದ್ದು ಕೇಳಿದ್ರೆ ಒಬ್ಬಳಿಗೇ ತಟ್ಟೆ ಇಡ್ತಿದ್ದೆ.”

ಆ ಚೀಟಿಗಳನ್ನು ಬರೆದದ್ದೂ ನಾನೇ. ವರ್ಷ ವರ್ಷ ಹೊಸ ಹೊಸ ಮಾತು ಹುಡುಕಿ ಬರೆಯುತ್ತಿದ್ದೆ. ಹೂವು ಕಳಿಸುವವರ ಮಾತನ್ನು ಕೇಳುವುದು ನನ್ನ ಕಸುಬು, ಪಡೆಯುವವರನ್ನು ಕೇಳುವ ರೂಢಿ ನನಗೆ ಇರಲೇ ಇಲ್ಲ. ಕ್ಷಮಿಸಿ ಅಂದೆ. ಆ ಮಾತು ಬಹಳ ಚಿಕ್ಕದಾಗಿ ಕೇಳಿಸಿತು.

ದೋನ್ಯಾ ಊರ್ಸುಲಾ ಒದ್ದೆ ಗೋಣಿಯನ್ನು ಒಂದೊಂದೇ ಸುತ್ತು ಬಿಚ್ಚಿದರು. ಅರ್ಧಕ್ಕರ್ಧ ಹೂವು ಉಳಿದಿತ್ತು. ಮಿಕ್ಕಿದ್ದು ಗುಂಡಿಗಳ ಡಬ್ಬಿಯೊಳಗೆ, ದಾರದ ಉಂಡೆಗಳ ಮೇಲೆ ಉದುರಿತು. ಅವರು ಒಂದು ಕೊಂಬೆಯನ್ನು ಮೂಗಿನ ಹತ್ತಿರ ಹಿಡಿದರು, ಮುಳ್ಳು ಚುಚ್ಚಿತು, ಬೆರಳು ಬಾಯಿಗಿಟ್ಟುಕೊಂಡರು.

“ಇದು ಕೆಮ್ಮಿನ ಔಷಧಿ ಮರ ಅಲ್ವೇನೋ, ಬಲ್ದೋ?” ಅಂದರು.

ಹೌದು ಅಂದ ಬಲ್ದೋ. ತಲೆಗೆ ಎಸೆದರೆ ಹೂದಾನಿಗಿಂತ ಜಾಸ್ತಿ ನೋಯುತ್ತದೆ, ದಯವಿಟ್ಟು ನೋಡಿ ಎಸೆಯಿರಿ ಅಂದ. ಆಗ ಅವರ ತುಟಿಯ ಒಂದು ಮೂಲೆ ಅಲುಗಿತು. ಅಲುಗಿದ್ದು ನಿಲ್ಲಲಿಲ್ಲ. ಕೌಂಟರಿಗೆ ಕೈಯೂರಿ ಅವರು ನಕ್ಕರು, ಟೇಪು ಕೊರಳಲ್ಲಿ ಕುಣಿಯಿತು. ಅಳುವೂ ಸ್ವಲ್ಪ ಅದರಲ್ಲಿ ಸೇರಿತ್ತು.

ನಾನು ಧೈರ್ಯ ಮಾಡಿದೆ. “ದೋನ್ಯಾ ಊರ್ಸುಲಾ, ದೋನ್ ಹಿಲಾರಿಯೊ ಅಲ್ಲಿ ಸೌಟು ಹಿಡ್ಕೊಂಡು ಜೀವ ಬಿಡ್ತಿದ್ದಾರೆ. ಏನಂತ ಹೇಳ್ಲಿ ಅವರಿಗೆ?”

“ನಿನ್ ಹತ್ರ ಯಾಕೆ ಹೇಳ್ಲಿ?” ಅಂದರು ಕಣ್ಣು ಒರೆಸಿಕೊಳ್ಳುತ್ತ. “ದಾರೀಲಿ ಅದನ್ನೂ ಬದಲಾಯಿಸಿಬಿಡ್ತೀಯ.”

ಅಳತೆಯ ಟೇಪನ್ನು ಕೊರಳಿಂದ ತೆಗೆದು ಕೌಂಟರಿನ ಮೇಲಿಟ್ಟರು. ಹೂವು ಹೆಚ್ಚು ಉಳಿದಿದ್ದ ಒಂದು ಕೊಂಬೆಯನ್ನು ಆರಿಸಿಕೊಂಡರು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ಒಂದು ಗಂಟೆಗೆ ಮೊದಲು ಯಾವತ್ತೂ ಇಳಿಯದ ಷಟರನ್ನು ಇಳಿಸಿ ಬೀಗ ಹಾಕಿದರು. ಹೊರಗೆ ಗಾಳಿ ಪೂರ್ತಿ ಎದ್ದಿತ್ತು. ಕೊಂಬೆಯನ್ನು ಎದೆಗೆ ಅವುಚಿಕೊಂಡು ಅವರು ಚೌಕ ದಾಟಿದರು. ಊಟದಂಗಡಿಯ ಮುಂಬಾಗಿಲಿನಲ್ಲಿ ಗಿರಾಕಿಗಳು ಸಾಲು ನಿಂತಿದ್ದರು. ದೋನ್ಯಾ ಊರ್ಸುಲಾ ಆ ಸಾಲಿನ ಕಡೆ ತಿರುಗಲೇ ಇಲ್ಲ. ಪಕ್ಕದ ಓಣಿಗೆ ಹೊರಳಿ, ಮನೆಯವರಷ್ಟೇ ಬಳಸುವ ಅಡುಗೆಮನೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದರು.